ಗೋಡೆ ಮೊದಲು, ಯಂತ್ರ ಆಮೇಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕಟ್ಟುವ ಕಷ್ಟವನ್ನಷ್ಟೇ ಹೇಳುತ್ತದೆ. ಕಟ್ಟಿದ ಮನೆಯಲ್ಲಿ ಬದುಕತೊಡಗಿದ ಮೇಲೆ ಎದುರಾಗುವ ಸಣ್ಣಪುಟ್ಟ ಕಷ್ಟಗಳ ಬಗ್ಗೆ ಅದು ಮೌನವಾಗಿದೆ. ಕಿಟಕಿಗೆ ಪರದೆ ಬೇಕು, ಅಡುಗೆಮನೆಗೆ ನೀರು ಶೋಧಿಸುವ ಯಂತ್ರ ಬೇಕು, ಮಕ್ಕಳ ಪುಸ್ತಕಕ್ಕೆ ಹಲಗೆ ಬೇಕು, ತೀರಿಕೊಂಡ ಹಿರಿಯರ ಭಾವಚಿತ್ರಕ್ಕೆ ಒಂದು ಜಾಗ ಬೇಕು. ಎಲ್ಲಕ್ಕೂ ಗೋಡೆಯಲ್ಲಿ ತೂತು ಬೇಕು. ಆ ನಾಲ್ಕು ತೂತಿಗಾಗಿ ಎಲೆಕ್ಟ್ರಿಷಿಯನ್ನನ್ನು ಕರೆದರೆ ಅವನು ‘ಭಾನುವಾರ ಬರುತ್ತೇನೆ’ ಎನ್ನುತ್ತಾನೆ. ಯಾವ ಭಾನುವಾರ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೀಗಾಗಿ ಮಧ್ಯಮ ವರ್ಗದ ಮನೆಗಳು ಈಗ ತಾವೇ ಒಂದು ಡ್ರಿಲ್ಲಿಂಗ್ ಮೆಷಿನ್ ಕೊಳ್ಳತೊಡಗಿವೆ. ಹಬ್ಬದ ರಿಯಾಯಿತಿಯ ಜಾಹೀರಾತುಗಳಲ್ಲಿ ಮಿಕ್ಸಿ, ಕುಕ್ಕರುಗಳ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿದೆ.

ಇದು ಸ್ವಾಗತಾರ್ಹವೇ. ಆದರೆ ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ ಆತಂಕವಾಗುತ್ತದೆ. ಯಾವ ಕಂಪನಿಯದು, ಎಷ್ಟು ವ್ಯಾಟಿನದು, ಜತೆಗೆ ಏನೇನು ಕೊಡುತ್ತೀರಿ, ಎಷ್ಟು ಬಿಡುತ್ತೀರಿ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ‘ನಿಮ್ಮ ಮನೆಯ ಗೋಡೆ ಯಾವುದರದು?’ ಎಂದು ಮಾರುವವನು ಕೇಳುವುದಿಲ್ಲ, ಕೊಳ್ಳುವವನು ಹೇಳುವುದಿಲ್ಲ. ಮನೆಬಳಕೆಯ ಇಂಪ್ಯಾಕ್ಟ್ ಡ್ರಿಲ್ ಆಯ್ಕೆಯಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ಗೋಡೆ; ಯಂತ್ರ ಅನಂತರದ್ದು ಎಂಬುದು ನನ್ನ ವಾದ. ಈ ಕ್ರಮ ತಪ್ಪಿದರೆ ಹಣ ಹಾಳಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಜೀವಕ್ಕೂ ಅಪಾಯ.

ಕಲ್ಲನ್ನು ನೋಡಿ ಹತಾರ ಹಿಡಿಯುವ ವಿವೇಕ ಈ ನಾಡಿಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರು ಚಂದ್ರಗಿರಿಯ ಉತ್ತರಕ್ಕಿರುವ ಜಿನನಾಥಪುರವನ್ನೂ ಒಮ್ಮೆ ನೋಡಬೇಕು. ಅಲ್ಲಿನ ಶಾಂತಿನಾಥ ಬಸದಿಯನ್ನು ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಸುಮಾರು 1200ರ ಹೊತ್ತಿಗೆ, ದಂಡನಾಯಕ ರೇಚಿಮಯ್ಯ ಕಟ್ಟಿಸಿದ. ಅದರ ಹೊರಗೋಡೆಯ ತುಂಬ ಜಿನಬಿಂಬಗಳು, ಯಕ್ಷ ಯಕ್ಷಿಯರು, ನರ್ತಕಿಯರು. ಒಡವೆಯ ಒಂದೊಂದು ಮಣಿಯನ್ನೂ ಎಣಿಸುವಂಥ ಕೆತ್ತನೆ. ಅಲ್ಲಿಂದ ಕೂಗಳತೆಯಲ್ಲಿ, ವಿಂಧ್ಯಗಿರಿಯ ನೆತ್ತಿಯ ಮೇಲೆ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟ ನಿಂತಿದ್ದಾನೆ. ಅವನ ಮೈಮೇಲೆ ಒಡವೆಯಿಲ್ಲ, ವಸ್ತ್ರವಿಲ್ಲ. ವಿಶಾಲವಾದ ನುಣುಪು ಮಾತ್ರ.

ಈ ವ್ಯತ್ಯಾಸಕ್ಕೆ ಧರ್ಮ, ಶೈಲಿ, ಕಾಲ ಎಲ್ಲವೂ ಕಾರಣ. ಆದರೆ ಕಲ್ಲೂ ಒಂದು ಕಾರಣವೆಂಬುದನ್ನು ಮರೆಯಬಾರದು. ಬಸದಿಯದು ಬಳಪದ ಕಲ್ಲು, ಮೃದು. ಸೂಕ್ಷ್ಮ ಉಳಿಗೆ ಒಗ್ಗುವಂಥದ್ದು. ಬೆಟ್ಟದ್ದು ಗಟ್ಟಿ ಕಣಶಿಲೆ. ಪೆಟ್ಟಿನ ಮೇಲೆ ಪೆಟ್ಟು ಹಾಕಿ, ಚೂರು ಚೂರಾಗಿ ಕೀಳಬೇಕಾದದ್ದು. ಒಂದರ ಹತಾರವನ್ನು ಇನ್ನೊಂದರ ಮೇಲೆ ಪ್ರಯೋಗಿಸಿದ್ದರೆ ಬಸದಿಯ ಶಿಲ್ಪ ಒಡೆಯುತ್ತಿತ್ತು, ಬೆಟ್ಟದಲ್ಲಿ ಉಳಿ ಮುರಿಯುತ್ತಿತ್ತು. ಆ ಶಿಲ್ಪಿಗಳಿಗೆ ಹೊಳೆದಿದ್ದ ಈ ಸರಳ ಸಂಗತಿ ವಿದ್ಯುತ್ ಯಂತ್ರ ಕೈಗೆ ಬಂದ ಮೇಲೆ ನಮಗೆ ಮರೆತುಹೋಗಿದೆ.

ನಮ್ಮ ಮನೆಗಳನ್ನೇ ನೋಡಿ. ಹಾಸನ ಸೀಮೆಯ ಹಳೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಇನ್ನೂ ಉಳಿದಿವೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯ ಮನೆಗಳಿವೆ. ತಳಪಾಯಕ್ಕೂ ಕೆಲವೆಡೆ ಇಡೀ ಗೋಡೆಗೂ ಬಳಸಿದ ಸೈಜುಗಲ್ಲು ಇದೆ. ಹೊಸ ಬಡಾವಣೆಗಳಲ್ಲಿ ಸಿಮೆಂಟಿನ ಸಾಲಿಡ್ ಬ್ಲಾಕು. ಕರಾವಳಿಗೆ ಇಳಿದರೆ ಕೆಂಪುಕಲ್ಲು. ಬೆಂಗಳೂರಿನ ಬಹುಮಹಡಿ ವಸತಿಗಳಲ್ಲಿ ಬೆಣ್ಣೆಯಂತೆ ಕೊರೆಯುವ ಹಗುರ ಬ್ಲಾಕುಗಳು ಒಂದೆಡೆಯಾದರೆ, ಇಡೀ ಗೋಡೆಯನ್ನೇ ಕಬ್ಬಿಣ ಮತ್ತು ಕಾಂಕ್ರೀಟಿನಿಂದ ಎರಕ ಹೊಯ್ದ ಕಟ್ಟಡಗಳು ಇನ್ನೊಂದೆಡೆ. ಬಣ್ಣ ಬಳಿದ ಮೇಲೆ ಎಲ್ಲವೂ ಒಂದೇ ಬಗೆ ಕಾಣುತ್ತವೆ. ಬಿಟ್ಟು ಗೋಡೆಯೊಳಗೆ ಇಳಿಯತೊಡಗಿದಾಗಲೇ ಅವುಗಳ ಗುಣ ಬಯಲಾಗುವುದು.

ಒಂದೇ ಮನೆಯ ಒಂದೇ ಗೋಡೆಯಲ್ಲೂ ಎರಡು ಗುಣಗಳಿರುತ್ತವೆ. ಮನೆಗಳಲ್ಲಿ ಹೆಚ್ಚಾಗಿ ತೂತು ಬೇಕಾಗುವುದು ಪರದೆಯ ಕಂಬಿಗೆ. ಕಂಬಿ ಕೂರುವುದು ಕಿಟಕಿಯ ಮೇಲೆ. ಅಲ್ಲಿ ಇರುವುದು ಇಟ್ಟಿಗೆಯಲ್ಲ, ಕಾಂಕ್ರೀಟಿನ ಲಿಂಟಲ್. ಅರ್ಧ ಗಂಟೆ ಒತ್ತಿದರೂ ಬಿಟ್ಟು ಅರ್ಧ ಅಂಗುಲ ಇಳಿಯದಿದ್ದಾಗ ಜನ ಯಂತ್ರವನ್ನು ಶಪಿಸುತ್ತಾರೆ, ಕಂಪನಿಯನ್ನು ಬೈಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತನ್ನು ಇಲ್ಲಿ ತಿರುಗಿಸಿ ಹೇಳಬೇಕು: ನೆಲವನ್ನೇ ನೋಡದೆ ಕುಣಿಯಲು ಹೊರಟದ್ದು ತಪ್ಪು. ಅದೇ ಗೋಡೆಯಲ್ಲಿ ಲಿಂಟಲಿನ ಅಂಚನ್ನು ದಾಟಿ ಒಂದಿಷ್ಟು ಮೇಲಕ್ಕೋ ಪಕ್ಕಕ್ಕೋ ಸರಿದಿದ್ದರೆ ಎರಡು ನಿಮಿಷದ ಕೆಲಸವಾಗುತ್ತಿತ್ತು.

ಇಂಪ್ಯಾಕ್ಟ್ ಡ್ರಿಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ ಈ ಗೊಂದಲ ಬಹುಪಾಲು ಕರಗುತ್ತದೆ. ಅದರೊಳಗೆ ಹಲ್ಲುಗಳುಳ್ಳ ಎರಡು ಬಿಲ್ಲೆಗಳಿರುತ್ತವೆ. ಒಂದರ ಮೇಲೊಂದು ಜಾರುತ್ತ ತಿರುಗುವಾಗ ಹಲ್ಲು ಹಲ್ಲಿಗೂ ಒಂದು ಸಣ್ಣ ಕುಪ್ಪಳಿಕೆ. ಅದೇ ಪೆಟ್ಟು. ಹಲ್ಲುಗಳು 16 ಇದ್ದು, ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 48,000 ಪೆಟ್ಟುಗಳಾದವು. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗುವ ಸಂಖ್ಯೆಯ ಗುಟ್ಟು ಇಷ್ಟೇ. ಇದು ಶಕ್ತಿಯ ಲೆಕ್ಕವಲ್ಲ, ಗುಣಾಕಾರದ ಲೆಕ್ಕ. ಪ್ರತಿಯೊಂದು ಪೆಟ್ಟೂ ಬಹಳ ಸಣ್ಣದು. ಅದರ ಜೋರು ನಾವು ಹಿಂದಿನಿಂದ ಎಷ್ಟು ಒತ್ತುತ್ತೇವೆ ಎಂಬುದನ್ನು ಅವಲಂಬಿಸಿರುತ್ತದೆ. ಇಟ್ಟಿಗೆಗೆ, ಬ್ಲಾಕಿಗೆ, ಕೆಂಪುಕಲ್ಲಿಗೆ ಇದು ಧಾರಾಳ ಸಾಕು. ಕಾಂಕ್ರೀಟಿನಲ್ಲಿ ಒಂದೆರಡು ತೂತನ್ನು ತಾಳ್ಮೆಯಿಂದ ಕೊರೆಯಬಹುದು. ಕಣಶಿಲೆಯ ಮುಂದೆ ಮಾತ್ರ ಅದು ತಬ್ಬಿಬ್ಬಾಗುತ್ತದೆ.

ಇದಕ್ಕೆ ಬೇರೆಯದೇ ಆದ ಇನ್ನೊಂದು ಯಂತ್ರವಿದೆ: ರೋಟರಿ ಹ್ಯಾಮರ್. ಇದರಲ್ಲಿ ಸಿಲಿಂಡರಿನೊಳಗೆ ಒತ್ತಿದ ಗಾಳಿ ಒಂದು ತುಂಡನ್ನು ಚಿಮ್ಮಿಸಿ ಬಿಟ್ಟಿನ ಬೆನ್ನಿಗೆ ಹೊಡೆಸುತ್ತದೆ. ಪೆಟ್ಟುಗಳು ನಿಮಿಷಕ್ಕೆ ನಾಲ್ಕೈದು ಸಾವಿರ ಮಾತ್ರ, ಆದರೆ ಒಂದೊಂದೂ ನಿಜವಾದ ಪೆಟ್ಟು. ಅದನ್ನು ಜೂಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಸಣ್ಣ ಹ್ಯಾಮರುಗಳಲ್ಲಿ ಅದು 2 ಜೂಲ್ ಆಸುಪಾಸು ಇರುತ್ತದೆ. ಕಾಂಕ್ರೀಟ್ ಗೋಡೆಯ ವಸತಿಯಲ್ಲಿ ಇರುವವರಿಗೆ ಬೇಕಾದದ್ದು ಇದು. ಆದರೆ ಇದು ಹೆಚ್ಚು ಭಾರ, ಇದಕ್ಕೆ ಬೇರೆ ಬಗೆಯ ಬಿಟ್ಟುಗಳೇ ಬೇಕು, ಮರಕ್ಕೂ ಕಬ್ಬಿಣಕ್ಕೂ ನೇರವಾಗಿ ಒದಗುವುದಿಲ್ಲ. ಮಣ್ಣುಗೋಡೆಗೆ, ಟೊಳ್ಳು ಬ್ಲಾಕಿಗೆ ಇದನ್ನು ಹಿಡಿದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ವಿಷಾದದ ಸಂಗತಿಯೆಂದರೆ, ನಮ್ಮ ಬಹಳಷ್ಟು ಅಂಗಡಿಗಳಲ್ಲಿ ಇವೆರಡನ್ನೂ ‘ಹ್ಯಾಮರ್ ಮೆಷಿನ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. 48,000 ಪೆಟ್ಟಿನದು 4,000 ಪೆಟ್ಟಿನದಕ್ಕಿಂತ ಹನ್ನೆರಡು ಪಟ್ಟು ಬಲಶಾಲಿ ಎಂದು ನಂಬಿ ಕೊಂಡವರಿದ್ದಾರೆ.

ಹಾಗಾದರೆ ಇಟ್ಟಿಗೆ ಅಥವಾ ಬ್ಲಾಕಿನ ಸಾಧಾರಣ ಮನೆಗೆ ಎಂಥದ್ದು ಬೇಕು? ವರ್ಷಕ್ಕೆ ಇಪ್ಪತ್ತು ಮೂವತ್ತು ತೂತು ಕೊರೆಯುವವರಿಗೆ 500ರಿಂದ 650 ವ್ಯಾಟಿನ, 13 ಮಿ.ಮೀ. ಚಕ್ ಇರುವ, ತಂತಿಯ ಯಂತ್ರ ಸಾಕು. ಒಳ್ಳೆಯ ಹೆಸರಿನ ಕಂಪನಿಗಳದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ದೊರೆಯುತ್ತದೆ. ವ್ಯಾಟಿಗಿಂತ ಮುಖ್ಯವಾಗಿ ನೋಡಬೇಕಾದ ಕೆಲವು ಅಂಶಗಳಿವೆ. ಕುದುರೆಯನ್ನು ಒತ್ತಿದಷ್ಟೇ ವೇಗ ಬರುವಂತಿರಬೇಕು; ಮೊದಲ ಸುತ್ತಿನಲ್ಲೇ ಪೂರ್ಣ ವೇಗಕ್ಕೆ ಹಾರುವ ಯಂತ್ರದ ಬಿಟ್ಟು ಟೈಲ್ಸಿನ ಮೇಲೆ ಜಾರಿ ಗೀರು ಹಾಕುತ್ತದೆ. ಹಿಂದುಮುಂದು ಎರಡೂ ಕಡೆ ತಿರುಗಬೇಕು. ಸಿಕ್ಕಿಕೊಂಡ ಬಿಟ್ಟನ್ನು ಹೊರತೆಗೆಯಲು ಅದೇ ದಾರಿ. ಪೆಟ್ಟನ್ನು ನಿಲ್ಲಿಸಿ ಬರಿದೆ ತಿರುಗಿಸುವ ಗುಂಡಿ ಇರಬೇಕು. ಮರ, ಲೋಹ, ಟೈಲ್ಸು, ಟೊಳ್ಳು ಇಟ್ಟಿಗೆ ಯಾವುದಕ್ಕೂ ಪೆಟ್ಟು ಸಲ್ಲದು. ಪಕ್ಕದ ಹಿಡಿಕೆ ಪೆಟ್ಟಿಗೆಯಲ್ಲಿ ಬಂದಿರಬೇಕು, ಬಂದದ್ದನ್ನು ಬಳಸಲೂ ಬೇಕು. ಬಿಟ್ಟು ಗೋಡೆಯೊಳಗಿನ ಕಬ್ಬಿಣಕ್ಕೆ ಸಿಕ್ಕಿ ಥಟ್ಟನೆ ನಿಂತರೆ ತಿರುಗುವುದು ಯಂತ್ರ. ಅದನ್ನು ಒಂದೇ ಕೈಯಲ್ಲಿ ಹಿಡಿದವರ ಮಣಿಕಟ್ಟು ಅದರ ಜತೆಗೆ ತಿರುಗುತ್ತದೆ.

ಯಂತ್ರವನ್ನು ಎತ್ತಿ ಹಿಡಿದು ನೋಡದೆ ಕೊಳ್ಳಬಾರದು. ಒಂದೂವರೆ ಕಿಲೋ, ಎರಡು ಕಿಲೋ ಎಂಬುದು ಕಾಗದದ ಮೇಲೆ ಸಣ್ಣ ಅಂತರ. ಸ್ಟೂಲಿನ ಮೇಲೆ ನಿಂತು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಾಗ ಅದು ದೊಡ್ಡದಾಗುತ್ತದೆ. ಇಲ್ಲಿ ಇನ್ನೊಂದು ಮಾತು. ಡ್ರಿಲ್ಲನ್ನು ‘ಮನೆಯ ಗಂಡಸರ ವಸ್ತು’ ಎಂದು ಭಾವಿಸಿ ಅವರೊಬ್ಬರೇ ಹೋಗಿ ಆರಿಸಿ ತರುವುದು ವಾಡಿಕೆ. ಎಷ್ಟೋ ಮನೆಗಳಲ್ಲಿ ಅಚ್ಚುಕಟ್ಟಾಗಿ ಅಳತೆ ಹಾಕಿ, ಗುರುತು ಮಾಡಿ, ಕೊರೆಯಬಲ್ಲವರು ಹೆಣ್ಣುಮಕ್ಕಳು. ಯಾರು ಹಿಡಿಯುತ್ತಾರೋ ಅವರ ಕೈಗೆ ಒಗ್ಗುವುದೇ ಒಳ್ಳೆಯ ಯಂತ್ರ.

ನೂರು ಬಿಡಿಭಾಗಗಳ ಪೆಟ್ಟಿಗೆಯ ಆಮಿಷದ ಬಗ್ಗೆಯೂ ಎಚ್ಚರ ಅಗತ್ಯ. ಗೋಡೆಯನ್ನು ಕೊರೆಯುವುದು ಯಂತ್ರವಲ್ಲ, ಬಿಟ್ಟಿನ ತುದಿಗೆ ಬೆಸೆದಿರುವ ಟಂಗ್‌ಸ್ಟನ್ ಕಾರ್ಬೈಡಿನ ಚೂರು. ಆ ಚೂರು ಕಳಪೆಯಾದರೆ ಸಾವಿರ ವ್ಯಾಟೂ ವ್ಯರ್ಥ. ಪುಕ್ಕಟೆ ಸಿಗುವ ನೂರು ತುಂಡುಗಳಲ್ಲಿ ಮನೆಗೆ ನಿಜವಾಗಿ ಬೇಕಾಗುವುದು ಗೋಡೆಗೆ 6 ಮತ್ತು 8 ಮಿ.ಮೀ. ಬಿಟ್ಟು, ಟೈಲ್ಸಿಗೆ ಈಟಿಮೊನೆಯ ಒಂದು ಬಿಟ್ಟು, ಮರಕ್ಕೊಂದು, ಲೋಹಕ್ಕೊಂದು. ಈ ಐದನ್ನು ಬಿಡಿಯಾಗಿ, ಒಳ್ಳೆಯ ಗುಣಮಟ್ಟದ್ದನ್ನು ಕೊಳ್ಳುವುದು ಜಾಣತನ.

ತೂತಿಗಿಂತ ಅದರೊಳಗೆ ಕೂರುವ ಗಟ್ಟವೂ ಮುಖ್ಯ. ನಮ್ಮ ಕೆಲಸಗಾರರು ಇಂದಿಗೂ ‘ರಾವಲ್ ಪ್ಲಗ್’ ಎನ್ನುತ್ತಾರೆ. ಆ ಹೆಸರು ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಇಂಗ್ಲಿಷ್ ಗುತ್ತಿಗೆದಾರನದು. ಸುಮಾರು 1910ರ ಹೊತ್ತಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವಿದ್ಯುತ್ ಉಪಕರಣಗಳನ್ನು ಗೋಡೆಗೆ ಕೂರಿಸಬೇಕಾಗಿ ಬಂದಾಗ, ಗೋಡೆ ಕೆಡಬಾರದೆಂಬ ಕಾರಣಕ್ಕೆ ಸೆಣಬಿನ ನಾರಿನ ಸಣ್ಣ ಗಟ್ಟವನ್ನು ಅವನು ರೂಪಿಸಿದ. ಈಗ ನಾವು ಬಳಸುವ ನೈಲಾನ್ ಗಟ್ಟವನ್ನು 1958ರಲ್ಲಿ ಜರ್ಮನಿಯ ಆರ್ಟೂರ್ ಫಿಶರ್ ತಂದರು. ಗೋಡೆಯನ್ನು ಉಳಿಸುವ ಕಾಳಜಿಯೇ ಈ ಸಾಧನದ ಮೂಲ ಎಂಬುದು ಗಮನಾರ್ಹ.

ಮಣ್ಣುಗೋಡೆಯ ಮನೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಆ ಮನೆಗಳಲ್ಲಿ ಕಟ್ಟುವಾಗಲೇ ಗೋಡೆಗೆ ಗಿಳಿಗೂಟ ಇಡುತ್ತಿದ್ದರು, ದೀಪಕ್ಕೆ ಗೂಡು ಬಿಡುತ್ತಿದ್ದರು. ಏನನ್ನು ಎಲ್ಲಿ ತೂಗುಹಾಕಬೇಕೆಂಬುದು ಗೋಡೆ ಏಳುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಅಂಥ ಗೋಡೆಗೆ ಈಗ ಇಂಪ್ಯಾಕ್ಟ್ ಡ್ರಿಲ್ ಹಿಡಿದರೆ ತೂತಿನ ಬದಲು ಗುಂಡಿ ಬೀಳುತ್ತದೆ, ಯಾವ ಗಟ್ಟವೂ ನಿಲ್ಲುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಪೆಟ್ಟಿಲ್ಲದ ನಿಧಾನ ವೇಗ ಮತ್ತು ಉದ್ದನೆಯ ಮರದ ಗೂಟ. ಇಲ್ಲವೇ ಬಡಗಿಯ ಹಳೆಯ ಬೈರಿಗೆ.

ಬ್ಯಾಟರಿಯ ಯಂತ್ರಗಳು ಮಾರುಕಟ್ಟೆಯನ್ನು ಆವರಿಸುತ್ತಿರುವ ಈ ಹೊತ್ತಿನಲ್ಲಿ ತಂತಿಯ ಯಂತ್ರವನ್ನೇಕೆ ಹೇಳುತ್ತೀರಿ ಎಂದು ಕೇಳಬಹುದು. ದಿನವೂ ಸ್ಕ್ರೂ ತಿರುಗಿಸುವ ಬಡಗಿಗೆ, ಏಣಿಯ ಮೇಲೆ ಓಡಾಡುವ ಕೆಲಸಗಾರನಿಗೆ ಬ್ಯಾಟರಿಯದು ವರದಾನ. ಮನೆಯ ಯಂತ್ರದ ಬದುಕು ಬೇರೆ. ಅದು ವರ್ಷದಲ್ಲಿ ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರುತ್ತದೆ. ಬ್ಯಾಟರಿ ಕೆಲಸವಿಲ್ಲದಿದ್ದರೂ ಮುಪ್ಪಾಗುತ್ತದೆ. ಹೊಸ ಬ್ಯಾಟರಿಯ ಬೆಲೆ ಒಮ್ಮೊಮ್ಮೆ ಯಂತ್ರದ ಬೆಲೆಯನ್ನೇ ಮುಟ್ಟುತ್ತದೆ. ತಂತಿಯ ಯಂತ್ರವನ್ನು ಐದು ವರ್ಷದ ಮೇಲೆ ಕೆಳಗಿಳಿಸಿ ಸಿಕ್ಕಿಸಿದರೂ ತಿರುಗುತ್ತದೆ. ಸವೆಯುವ ಕಾರ್ಬನ್ ಬ್ರಷ್ಷು ಅಲ್ಪ ಬೆಲೆಗೆ ಸಿಗುತ್ತದೆ. ವಿದ್ಯುತ್ ಖರ್ಚಿನ ಚಿಂತೆಯೂ ಬೇಡ. 600 ವ್ಯಾಟಿನದನ್ನು ಹತ್ತು ನಿಮಿಷ ಓಡಿಸಿದರೆ ಖರ್ಚಾಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ. ಕರೆಂಟು ಹೋದಾಗ ಕೆಲಸ ನಿಲ್ಲುತ್ತದೆ, ನಿಜ. ಪರದೆಯ ಕಂಬಿ ಒಂದು ಗಂಟೆ ಕಾದರೆ ನಷ್ಟವೇನೂ ಇಲ್ಲ.

ಆದರೆ ತಂತಿಯ ಜತೆಗೆ ಜವಾಬ್ದಾರಿಯೂ ಬರುತ್ತದೆ. ಈ ವಿಷಯವನ್ನು ನಾನು ಹಗುರವಾಗಿ ದಾಟಲಾರೆ. ಇಂದಿನ ಮನೆಗಳಲ್ಲಿ ವಿದ್ಯುತ್ ತಂತಿಗಳು ಗೋಡೆಯೊಳಗೆ ಹುದುಗಿರುತ್ತವೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದರ ಮಟ್ಟದಲ್ಲೇ ಎಡಬಲಕ್ಕೆ ಅವು ಹಾದುಹೋಗುವ ಸಾಧ್ಯತೆ ಹೆಚ್ಚು. ನಲ್ಲಿಗಳ ಸುತ್ತ ನೀರಿನ ಕೊಳವೆಗಳಿರುತ್ತವೆ. ಅಲ್ಲಿ ಕೊರೆಯಲೇಬಾರದು, ಅನಿವಾರ್ಯವಾದರೆ ಆ ಭಾಗದ ಸರಬರಾಜನ್ನು ಮುಖ್ಯ ಬೋರ್ಡಿನಲ್ಲಿ ನಿಲ್ಲಿಸಿ, ಬೇರೆ ಕಡೆಯ ಸಾಕೆಟ್ಟಿನಿಂದ ಯಂತ್ರವನ್ನು ಓಡಿಸಬೇಕು. ಮನೆ ಕಟ್ಟುವವರು ಗಾರೆ ಮೆತ್ತುವ ಮೊದಲು ಪ್ರತಿ ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಮುಂದಿನ ಮೂವತ್ತು ವರ್ಷ ಅದು ಕಾಪಾಡುತ್ತದೆ.

ಯಂತ್ರದ ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದೆಯೇ ನೋಡಿ. ಅದು ಇಮ್ಮಡಿ ನಿರೋಧಕ ಕವಚದ ಸಂಕೇತ. ಆ ಗುರುತಿದ್ದರೆ ಪ್ಲಗ್ಗಿನಲ್ಲಿ ಅರ್ಥಿಂಗಿನ ಮೂರನೆಯ ಕಡ್ಡಿ ಇಲ್ಲದಿರುವುದು ಲೋಪವಲ್ಲ. ಆದರೆ ಬಿಟ್ಟು ಗೋಡೆಯೊಳಗಿನ ಜೀವಂತ ತಂತಿಗೆ ತಗುಲಿದಾಗ, ಚಕ್ಕಿನ ಲೋಹಕ್ಕೆ ಕೈ ತಾಗಿದ್ದರೆ, ಆ ಕವಚವನ್ನು ಪೂರ್ಣವಾಗಿ ನಂಬುವಂತಿಲ್ಲ. ನಿಜವಾದ ಕಾವಲು ಮನೆಯ ಮುಖ್ಯ ಬೋರ್ಡಿನಲ್ಲಿರಬೇಕಾದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಕರೆಂಟು ಮನುಷ್ಯನ ಮೈ ಮೂಲಕ ನೆಲಕ್ಕೆ ಸೋರತೊಡಗಿದರೆ ಕಣ್ಣೆವೆಯಿಕ್ಕುವಷ್ಟರಲ್ಲಿ ಸರಬರಾಜನ್ನು ಕತ್ತರಿಸುವ ಸಾಧನ ಅದು. ಮೂರು ಸಾವಿರ ಕೊಟ್ಟು ಡ್ರಿಲ್ ತರುವ ಉತ್ಸಾಹಿಗಳು, ತಮ್ಮ ಮನೆಯಲ್ಲಿ ಅದು ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಅದು ಬೀಳುತ್ತದೆಯೇ ಎಂಬುದನ್ನು ಮೊದಲು ನೋಡಲಿ. ಇಲ್ಲದಿದ್ದರೆ ಆ ಹಣವನ್ನು ಮೊದಲು ಅದಕ್ಕೆ ಖರ್ಚು ಮಾಡುವುದು ಒಳಿತು.

ಹಳ್ಳಿಗಳಲ್ಲಿ ವೋಲ್ಟೇಜಿನ ಸಮಸ್ಯೆಯೂ ಇದೆ. ನಮ್ಮ ಯಂತ್ರಗಳು 230 ವೋಲ್ಟಿಗೆ ತಯಾರಾದವು. ಸಂಜೆ ಎಲ್ಲರ ಮನೆಯ ದೀಪಗಳೂ ಉರಿಯುವ ಹೊತ್ತಿಗೆ ಸಾಲಿನ ಕೊನೆಯ ಮನೆಯಲ್ಲಿ ಅದು ಬಹಳ ಕೆಳಗಿಳಿದಿದ್ದರೆ ಯಂತ್ರ ಸೊರಗುತ್ತದೆ. ನಾವು ಇನ್ನಷ್ಟು ಒತ್ತುತ್ತೇವೆ, ಅದು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಬೆಳಗಿನ ಹೊತ್ತು ಕೆಲಸ ಮಾಡುವುದು, ಎರಡು ಮೂರು ತೂತಿಗೊಮ್ಮೆ ಬಿಡುವು ಕೊಡುವುದು, ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ತಂತಿಯನ್ನು ಪೂರ್ತಿ ಬಿಚ್ಚಿ ಬಳಸುವುದು, ಟೇಪು ಸುತ್ತಿದ ಜೋಡಣೆಗಳಿರುವ ತಂತಿಯನ್ನು ದೂರವಿಡುವುದು, ಇವು ಯಾವ ದುಬಾರಿ ಮಾದರಿಗಿಂತಲೂ ಹೆಚ್ಚು ಬಾಳಿಕೆ ಕೊಡುತ್ತವೆ. ಇನ್ನು ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು. ಇಟ್ಟಿಗೆ, ಕಾಂಕ್ರೀಟಿನ ಸಣ್ಣ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ. ಇಳಿಬಿಟ್ಟ ಸೆರಗು, ದುಪಟ್ಟಾ, ಪಂಚೆಯ ಚುಂಗು, ಬಿಚ್ಚಿದ ಕೂದಲು, ಸಡಿಲ ಕೈಗವಸು ತಿರುಗುವ ಚಕ್ಕಿನ ಹತ್ತಿರ ಸುಳಿಯಬಾರದು.

ಈ ಎಚ್ಚರಿಕೆಗಳೆಲ್ಲ ಯಂತ್ರದ ಜತೆ ಬರುವ ಕೈಪಿಡಿಯಲ್ಲಿ ಇಲ್ಲವೇ? ಇರುತ್ತವೆ, ಸಣ್ಣ ಅಕ್ಷರಗಳಲ್ಲಿ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಸಿಗುವುದು ಅಪರೂಪ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಉತ್ಪನ್ನಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಈ ಬಗ್ಗೆ ಆದೇಶವನ್ನೂ ಹೊರಡಿಸಿತು. ಆದರೆ ಹೊರರಾಜ್ಯಗಳಲ್ಲಿ, ಹೊರದೇಶಗಳಲ್ಲಿ ತಯಾರಾಗಿ ಬರುವ ಯಂತ್ರಗಳಿಗೆ ಈ ನಿಯಮದ ಕೈ ಚಾಚುವುದಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಇಲ್ಲದಿದ್ದರೆ ಅದು ಅಭಿಮಾನದ ಪ್ರಶ್ನೆ. ವಿದ್ಯುತ್ ಯಂತ್ರದ ಎಚ್ಚರಿಕೆಯ ಮಾತು ಕನ್ನಡದಲ್ಲಿ ಇಲ್ಲದಿದ್ದರೆ ಅದು ಪ್ರಾಣದ ಪ್ರಶ್ನೆ. ಕನ್ನಡಿಗರಿಗೆ ಮಾರುವ ಕಂಪನಿಗಳು ಕಾನೂನು ಬಲವಂತ ಮಾಡಲಿ ಎಂದು ಕಾಯದೆ ಒಂದು ಹಾಳೆಯಷ್ಟಾದರೂ ಕನ್ನಡದಲ್ಲಿ ಅಚ್ಚು ಹಾಕಬೇಕು. ಯಾವ ಗೋಡೆಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು, ಒಂದು ಉಸಿರಿಗೆ ಎಷ್ಟು ಹೊತ್ತು ಓಡಿಸಬಹುದು ಎಂಬುದು ಆ ಹಾಳೆಯ ಮೊದಲ ಸಾಲುಗಳಾಗಬೇಕು.

ಕೊಳ್ಳುವವರೂ ತಮ್ಮ ಪಾಲಿನ ಕೆಲಸ ಮಾಡಬೇಕು. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ವರ್ಷ, ದೂರಿಗೆ ಸಂಪರ್ಕ ಇವನ್ನು ಪೆಟ್ಟಿಗೆಯ ಮೇಲೆ ನಮೂದಿಸುವುದು ಕಾನೂನಿನಂತೆ ಕಡ್ಡಾಯ. ಇವಿಲ್ಲದ ಯಂತ್ರ ಎಷ್ಟು ಅಗ್ಗವಾದರೂ ಬೇಡ. ರಶೀದಿ ಪಡೆಯಬೇಕು. ದುರಸ್ತಿ ಕೇಂದ್ರ ಹಾಸನದಲ್ಲಿದೆಯೇ, ಬೆಂಗಳೂರಿಗೇ ಕಳಿಸಬೇಕೇ ಎಂದು ಕೇಳಬೇಕು. ಚನ್ನರಾಯಪಟ್ಟಣದ ಗ್ರಾಹಕನಿಗೆ ಐದು ನೂರು ರೂಪಾಯಿ ರಿಯಾಯಿತಿಗಿಂತ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಮುಟ್ಟುವ ದುರಸ್ತಿ ಕೇಂದ್ರ ಹೆಚ್ಚು ಬೆಲೆಯದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಬೇಕಾಗುತ್ತದೆ. ವರ್ಷಕ್ಕೆ ಒಂದು ಗಂಟೆಯೂ ಓಡದ ಯಂತ್ರ ಪ್ರತಿ ಮನೆಗೂ ಬೇಕೆ? ಅದು ಎಲೆಕ್ಟ್ರಿಷಿಯನ್ನನ ಕೂಲಿಯನ್ನು ಕಸಿಯುವುದಿಲ್ಲವೇ? ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ನುರಿತ ಕೆಲಸಗಾರನ ಅನ್ನ ಇರುವುದು ನಾಲ್ಕು ತೂತುಗಳಲ್ಲಿ ಅಲ್ಲ. ವೈರಿಂಗಿನಲ್ಲಿ, ಅರ್ಥಿಂಗಿನಲ್ಲಿ, ಅವನ ಅನುಭವದಲ್ಲಿ. ಕಾಂಕ್ರೀಟಿನ ತೊಲೆ ಕಂಬಗಳಿಗೆ ಕೈಹಾಕುವಾಗ, ಗೀಸರಿನಂಥ ಭಾರವನ್ನು ತೂಗುಹಾಕುವಾಗ ಅವನನ್ನೇ ಕರೆಯಬೇಕು, ತಕ್ಕ ಕೂಲಿಯನ್ನೂ ಕೊಡಬೇಕು. ಮೊದಲನೆಯ ಪ್ರಶ್ನೆ ಮಾತ್ರ ನ್ಯಾಯವಾದದ್ದು. ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಕರ್ನಾಟಕ 2014ರಿಂದ ಹೋಬಳಿ ಮಟ್ಟದಲ್ಲಿ ತೆರೆಯುತ್ತ ಬಂದಿದೆ. ಅದೇ ತತ್ವವನ್ನು ಬಡಾವಣೆಯ ನಿವಾಸಿಗಳ ಸಂಘ, ಹಳ್ಳಿಯ ಸಹಕಾರ ಸಂಘ ಸಣ್ಣ ಪ್ರಮಾಣದಲ್ಲಿ ಏಕೆ ಅನುಸರಿಸಬಾರದು? ಒಂದು ಬೀದಿಗೆ ಒಂದು ಇಂಪ್ಯಾಕ್ಟ್ ಡ್ರಿಲ್, ಒಂದು ರೋಟರಿ ಹ್ಯಾಮರ್, ಒಳ್ಳೆಯ ಬಿಟ್ಟುಗಳು, ಎರಡು ಕನ್ನಡಕಗಳು. ಯಾರ ಗೋಡೆ ಯಾವುದೋ ಅದಕ್ಕೆ ತಕ್ಕ ಯಂತ್ರ ಅವರ ಮನೆಗೆ ಹೋಗಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪ್ರಸಂಗ ಆಗ ತಪ್ಪುತ್ತದೆ.

ಹಂಚಿಕೊಳ್ಳುವುದಾಗಲಿ ಸ್ವಂತಕ್ಕೆ ಕೊಳ್ಳುವುದಾಗಲಿ, ಆಯ್ಕೆಯ ಕ್ರಮ ಒಂದೇ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಟೊಳ್ಳೋ ಗಟ್ಟಿಯೋ ತಿಳಿಯಿರಿ. ಪೆಟ್ಟಿಲ್ಲದೆ ಸಣ್ಣ ಬಿಟ್ಟಿನಿಂದ ಕಾಣದ ಮೂಲೆಯಲ್ಲಿ ಒಮ್ಮೆ ಕೊರೆದು ಉದುರುವ ಪುಡಿಯ ಬಣ್ಣ ನೋಡಿ. ಕೆಂಪಾದರೆ ಇಟ್ಟಿಗೆ ಅಥವಾ ಕೆಂಪುಕಲ್ಲು. ಬೂದು ಬಣ್ಣವಿದ್ದು ಸರಾಗವಾಗಿ ಇಳಿದರೆ ಬ್ಲಾಕು. ಬೂದು ಬಣ್ಣವಿದ್ದು ಇಳಿಯಲೊಲ್ಲದಿದ್ದರೆ ಕಾಂಕ್ರೀಟು. ಇದಕ್ಕೆ ಬೇಕಾದ ಯಂತ್ರವನ್ನು ನೆರೆಯವರಿಂದ ಒಂದು ದಿನ ಕೇಳಿ ತಂದರೂ ಸಾಕು. ಆಮೇಲೆ ಅಂಗಡಿಗೆ ಹೋಗಿ. ಅಲ್ಲಿ ‘ಎಷ್ಟು ವ್ಯಾಟು?’ ಎಂದು ಕೇಳುವ ಮೊದಲು ‘ನನ್ನದು ಇಂಥ ಗೋಡೆ’ ಎಂದು ಹೇಳಿ. ಅದನ್ನು ಕಿವಿಗೊಟ್ಟು ಕೇಳಿ ಉತ್ತರಿಸುವ ಅಂಗಡಿಯವರಿಂದಲೇ ಕೊಳ್ಳಿ.